ಕೋಶಗಳ ಬೆಳವಣಿಗೆ ಕುಂಠಿತವಾಗಿದೆ, ಆದರೆ ಫ್ಲಾಸ್ಕ್ ಸ್ವಚ್ಛವಾಗಿಯೇ ಕಾಣುತ್ತಿದೆ: ಆ್ಯಂಟಿಬಯಾಟಿಕ್ ಹೆಚ್ಚಿಸಬೇಕೇ?

ಎರಡನೆಯ ವರ್ಷದ ಸಂಶೋಧಕಿ

ಎಲ್ಲರಿಗೂ ನಮಸ್ಕಾರ. ಒಂದು ಸಸ್ಯಮೂಲದ ಸಂಯುಕ್ತವು ಸ್ತನ ಕ್ಯಾನ್ಸರಿನ ಎಂಸಿಎಫ್-7 ಕೋಶಗಳ ಮೇಲೆ ಯಾವ ಪರಿಣಾಮ ಬೀರುತ್ತದೆ ಎಂಬುದು ನನ್ನ ಅಧ್ಯಯನದ ವಿಷಯ. ಎಂಟು ತಿಂಗಳ ಹಿಂದೆ ಪಕ್ಕದ ಪ್ರಯೋಗಾಲಯದವರು ಒಂದು ಫ್ಲಾಸ್ಕ್ ಕೋಶಗಳನ್ನು ಕೊಟ್ಟರು, ಅಂದಿನಿಂದ ಅವನ್ನೇ ಸಾಕುತ್ತಿದ್ದೇನೆ. ಮೊದಲು ಮೂರು ದಿನಕ್ಕೊಮ್ಮೆ ಫ್ಲಾಸ್ಕಿನ ತಳ ಮುಕ್ಕಾಲು ಪಾಲು ತುಂಬುತ್ತಿತ್ತು. ಈಗ ಆರು ದಿನ ಕಳೆದರೂ ಅರ್ಧ ತುಂಬುವುದಿಲ್ಲ. ಕೋಶಗಳಿಗೆ ಆಹಾರವಾಗುವ ದ್ರವ, ಅಂದರೆ ಮೀಡಿಯಂ, ಕದಡಿಲ್ಲ, ಹಳದಿಗೂ ತಿರುಗಿಲ್ಲ, ಸೂಕ್ಷ್ಮದರ್ಶಕದಲ್ಲಿ ಓಡಾಡುವ ಬ್ಯಾಕ್ಟೀರಿಯಾವಾಗಲಿ ಬೂಸ್ಟಿನ ಎಳೆಯಾಗಲಿ ಕಾಣುವುದಿಲ್ಲ. ಕೋಶಗಳ ಅಂಚು ಮಾತ್ರ ಮೊದಲಿನಷ್ಟು ನಯವಾಗಿಲ್ಲ, ಒಳಗೆ ರವೆ ಉದುರಿಸಿದಂತೆ ಕಾಣುತ್ತದೆ. ಎರಡು ತಿಂಗಳ ಹಿಂದೆ ಮೀಡಿಯಂಗೆ ಬೆರೆಸುವ ಸೀರಂನ (ರಕ್ತದ ತಿಳಿದ್ರವದ) ಹೊಸ ಲಾಟ್ ಬಂದದ್ದರಿಂದ ನನ್ನ ಮೊದಲ ಅನುಮಾನ ಅದರ ಮೇಲೆಯೇ ಇದೆ. ಮೀಡಿಯಂನಲ್ಲಿ ಮೊದಲಿನಿಂದಲೂ ಪೆನಿಸಿಲಿನ್ ಮತ್ತು ಸ್ಟ್ರೆಪ್ಟೊಮೈಸಿನ್ ಹಾಕುತ್ತಿದ್ದೇನೆ. ಅದನ್ನು ದುಪ್ಪಟ್ಟು ಮಾಡಿ ನೋಡು ಎಂದು ಹಿರಿಯರೊಬ್ಬರು ಹೇಳಿದ್ದಾರೆ. ಹಾಗೆ ಮಾಡುವ ಮುನ್ನ ಇಲ್ಲಿ ಕೇಳೋಣವೆನಿಸಿತು.

ಹಳೆಯ ಇನ್‌ಕ್ಯುಬೇಟರ್

ದಯವಿಟ್ಟು ದುಪ್ಪಟ್ಟು ಮಾಡಬೇಡಿ. ನೀವು ವಿವರಿಸಿದ ಲಕ್ಷಣಗಳನ್ನು ಓದಿದೊಡನೆ ನನಗೆ ತೋರಿದ್ದು ಮೈಕೊಪ್ಲಾಸ್ಮಾ ಎಂಬ ಅತಿ ಸಣ್ಣ ಬ್ಯಾಕ್ಟೀರಿಯಾದ ಸೋಂಕು. ಅದು ಹೌದೋ ಅಲ್ಲವೋ ಎಂದು ಖಚಿತವಾಗುವವರೆಗೆ ಆ ಫ್ಲಾಸ್ಕಿನ ಮೇಲೆ ಯಾವ ಪ್ರಯೋಗವನ್ನೂ ಮಾಡಬೇಡಿ, ಮಾಡಿದ್ದರೆ ಅದರ ಅಂಕಿಗಳನ್ನು ಬೇರೆಯಾಗಿಡಿ.

ಕಾರಣವನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಪೆನಿಸಿಲಿನ್ ಕೆಲಸ ಮಾಡುವುದು ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿಯನ್ನು ಕಟ್ಟಿಕೊಳ್ಳದಂತೆ ತಡೆಯುವ ಮೂಲಕ. ಮೈಕೊಪ್ಲಾಸ್ಮಾಕ್ಕೆ ಕೋಶಭಿತ್ತಿಯೇ ಇಲ್ಲ. ಇಲ್ಲದ ಗೋಡೆಯನ್ನು ಕೆಡವಲು ಯಾವ ಔಷಧಿಗೂ ಸಾಧ್ಯವಿಲ್ಲ, ಅದರ ಪ್ರಮಾಣವನ್ನು ಎಷ್ಟು ಏರಿಸಿದರೂ ಅಷ್ಟೇ. ಭಿತ್ತಿಯಿಲ್ಲದ ಕಾರಣ ಅದರ ಮೈ ಬಾಗುತ್ತದೆ, ಹಾಗಾಗಿ ನಾವು ಮೀಡಿಯಂ ಸೋಸಲು ಬಳಸುವ 0.22 ಮೈಕ್ರೋಮೀಟರ್ ರಂಧ್ರದ ಸೋಸುಕದಲ್ಲೂ ಅದು ನುಸುಳಿಕೊಂಡು ಬರಬಲ್ಲದು. ಒಂದು ಮಿಲಿಲೀಟರ್ ಮೀಡಿಯಂನಲ್ಲಿ ಕೋಟಿಗೂ ಮೀರಿ ಸೇರಿಕೊಂಡಿದ್ದರೂ ದ್ರವ ತಿಳಿಯಾಗಿಯೇ ಕಾಣುತ್ತದೆ. ಸಾಮಾನ್ಯ ಬ್ಯಾಕ್ಟೀರಿಯಾ ಸೇರಿದರೆ ಮರುದಿನ ಬೆಳಿಗ್ಗೆಯೇ ಫ್ಲಾಸ್ಕ್ ಮಜ್ಜಿಗೆಯಂತಾಗಿ ತಾನೇ ಕೂಗಿ ಹೇಳುತ್ತದೆ, ಇದು ಹೇಳುವುದಿಲ್ಲ. ಕೋಶಗಳ ಪೊರೆಗೆ ಅಂಟಿಕೊಂಡು ಅವುಗಳ ಪಾಲಿನ ಆಹಾರವನ್ನು ತಿನ್ನುತ್ತ ತಿಂಗಳುಗಟ್ಟಲೆ ಇರುತ್ತದೆ. ಕೆಲವು ಪ್ರಭೇದಗಳು ಅರ್ಜಿನೈನ್ ಎಂಬ ಅಮೈನೊ ಆಮ್ಲವನ್ನು ಬರಿದು ಮಾಡುತ್ತವೆ. ಇನ್ನು ಕೆಲವು ಥೈಮಿಡಿನ್ ಅನ್ನು ಒಡೆಯುತ್ತವೆ. ಅಂಥ ಫ್ಲಾಸ್ಕಿನಲ್ಲಿ ಥೈಮಿಡಿನ್ ಹೀರುವಿಕೆಯಿಂದ ಕೋಶ ವಿಭಜನೆಯನ್ನು ಅಳೆದವರಿಗೆ ಸಿಗುವುದು ಕೋಶದ ಲೆಕ್ಕವಲ್ಲ, ಸೋಂಕಿನ ಲೆಕ್ಕ. ನೀವು ನೋಡುತ್ತಿರುವ ಸಂಯುಕ್ತದ ಪರಿಣಾಮವೂ ಹೀಗೆಯೇ ಕಲಬೆರಕೆಯಾಗಿರಬಹುದು.

ಆ್ಯಂಟಿಬಯಾಟಿಕ್ ಬಗ್ಗೆ ನನ್ನ ಅಭಿಪ್ರಾಯ ಕಟುವಾಗಿದೆ. ನಿತ್ಯದ ಸಾಕಣೆಯಲ್ಲಿ ಅದನ್ನು ಹಾಕಬಾರದು. ಅದು ಕೈತಪ್ಪನ್ನು ಸರಿಪಡಿಸುವುದಿಲ್ಲ, ಮರೆಮಾಡುತ್ತದೆ. ಔಷಧಿಯಿಲ್ಲದ ಫ್ಲಾಸ್ಕಿನಲ್ಲಿ ನೀವು ಪಿಪೆಟ್‌ನ ತುದಿಯನ್ನು ಎಲ್ಲಿಗೋ ತಾಗಿಸಿದ ಸುದ್ದಿ ಎರಡೇ ದಿನದಲ್ಲಿ ನಿಮಗೆ ತಿಳಿಯುತ್ತದೆ. ಔಷಧಿಯಿದ್ದರೆ ಅದೇ ತಪ್ಪು ಆರು ತಿಂಗಳು ಅಭ್ಯಾಸವಾಗಿ ಬೇರೂರುತ್ತದೆ, ಅದರ ಜೊತೆಯಲ್ಲೇ ಮೈಕೊಪ್ಲಾಸ್ಮಾ ಒಳಗೆ ಬರುತ್ತದೆ.

ಕರಾವಳಿಯ ತಂತ್ರಜ್ಞ

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಸೀರಂ ಅನ್ನು ಸುಮ್ಮನೆ ಬಿಟ್ಟುಬಿಡಬೇಡಿ. ಭ್ರೂಣಕರುವಿನ ಸೀರಂ ಎಂದರೆ ಪ್ರಾಣಿಯ ರಕ್ತದಿಂದ ಬಂದ ಪದಾರ್ಥ, ಒಂದು ಲಾಟ್ ಇದ್ದಂತೆ ಇನ್ನೊಂದು ಇರುವುದಿಲ್ಲ. ಹಳೆಯ ಲಾಟ್ ಐವತ್ತು ಮಿಲಿಲೀಟರ್ ಉಳಿದಿದ್ದರೂ ಸಾಕು, ಒಂದೇ ಫ್ಲಾಸ್ಕಿನ ಕೋಶಗಳನ್ನು ಎರಡು ಭಾಗ ಮಾಡಿ ಅಕ್ಕಪಕ್ಕದಲ್ಲಿ ಬೆಳೆಸಿ ನೋಡಿ. ಮೀಡಿಯಂ ತೆರೆದು ತಿಂಗಳಾಗಿದ್ದರೆ ಅದರಲ್ಲಿನ ಗ್ಲುಟಮಿನ್ ಒಡೆದು ಅಮೋನಿಯಾ ಆಗಿರುತ್ತದೆ; ಅದೂ ಬೆಳವಣಿಗೆಯನ್ನು ಕುಗ್ಗಿಸುತ್ತದೆ. ಇನ್‌ಕ್ಯುಬೇಟರಿನ ಫಲಕದಲ್ಲಿ ಇಂಗಾಲದ ಡೈಆಕ್ಸೈಡ್ 5 ಶೇಕಡಾ ಎಂದು ತೋರುವುದನ್ನೇ ನಂಬಬೇಡಿ, ಬೇರೆ ಮಾಪಕದಿಂದ ಅಳೆದು ನೋಡಿ. ಮೀಡಿಯಂನ ಫಿನಾಲ್ ರೆಡ್ ಬಣ್ಣವೂ ಸಾಕ್ಷಿ ಹೇಳುತ್ತದೆ: ಕೋಶಗಳಿಗೆ ಹಿತವಾದ ಪಿಎಚ್ (ಆಮ್ಲ-ಕ್ಷಾರದ ಅಳತೆ) 7.4ರ ಆಸುಪಾಸಿನಲ್ಲಿ ಕೆಂಪು, ಆಮ್ಲ ಹೆಚ್ಚಿದರೆ ಹಳದಿ, ಅನಿಲ ಸಾಲದೆ ಕ್ಷಾರವಾದರೆ ನೇರಳೆಯ ಕಡೆಗೆ. ಫ್ಲಾಸ್ಕನ್ನು ಹೊರತೆಗೆದ ಮೊದಲ ನಿಮಿಷದಲ್ಲೇ ಬಣ್ಣ ನೋಡಬೇಕು. ಹೊರಗಿನ ಗಾಳಿಯಲ್ಲಿ ಹೊತ್ತು ಕಳೆದಂತೆ ಅದು ನೇರಳೆಗೆ ಜಾರುತ್ತದೆ.

ಎರಡನೆಯ ವರ್ಷದ ಸಂಶೋಧಕಿ

ಇಬ್ಬರಿಗೂ ಧನ್ಯವಾದಗಳು. ಹಳೆಯ ಸೀರಂ ಸ್ವಲ್ಪ ಉಳಿದಿದೆ, ಇಂದೇ ಎರಡು ಭಾಗ ಮಾಡಿ ಹಾಕುತ್ತೇನೆ. ಮೈಕೊಪ್ಲಾಸ್ಮಾ ಪರೀಕ್ಷೆಯನ್ನು ನಮ್ಮಲ್ಲಿ ಇದುವರೆಗೆ ಯಾರೂ ಮಾಡಿಲ್ಲ. ಎಲ್ಲಿಂದ ಆರಂಭಿಸಬೇಕು? ಮತ್ತು ಇದು ಬರುವುದಾದರೂ ಎಲ್ಲಿಂದ? ನಾನು ಹುಡ್‌ನ, ಅಂದರೆ ಸೋಸಿದ ಗಾಳಿ ಹರಿಯುವ ಪೆಟ್ಟಿಗೆಯ, ಒಳಗಲ್ಲದೆ ಬೇರೆಲ್ಲೂ ಫ್ಲಾಸ್ಕಿನ ಮುಚ್ಚಳ ತೆರೆದವಳಲ್ಲ.

ಲಸಿಕೆ ಘಟಕದಲ್ಲಿದ್ದವರು

ಪರೀಕ್ಷೆಯ ಬಗ್ಗೆ ನಾನು ಹೇಳಬಲ್ಲೆ, ಹಲವು ವರ್ಷ ನನ್ನ ದಿನನಿತ್ಯದ ಕೆಲಸವೇ ಅದಾಗಿತ್ತು.

ಮೊದಲು ಕೋಶಗಳನ್ನು ಆ್ಯಂಟಿಬಯಾಟಿಕ್ ಇಲ್ಲದ ಮೀಡಿಯಂನಲ್ಲಿ ಎರಡು ವಾರ ಬೆಳೆಸಿ. ಔಷಧಿಯ ಹೊದಿಕೆಯಡಿ ಸೋಂಕು ಕ್ಷೀಣವಾಗಿದ್ದರೆ ಪರೀಕ್ಷೆಯಲ್ಲಿ ಇಲ್ಲವೆಂದೇ ಬರುತ್ತದೆ, ಅದು ಸುಳ್ಳು ಸಮಾಧಾನ. ಬಳಿಕ ಫ್ಲಾಸ್ಕಿನ ತಳ ಹೆಚ್ಚುಕಡಿಮೆ ತುಂಬುವವರೆಗೆ ಬಿಟ್ಟು, ಎರಡು ಮೂರು ದಿನ ಮೀಡಿಯಂ ಬದಲಿಸದೆ ಇಟ್ಟು, ಆ ಹಳೆಯ ಮೀಡಿಯಂ ಅನ್ನೇ ಪಿಸಿಆರ್‌ಗೆ, ಅಂದರೆ ಡಿಎನ್‌ಎ ತುಣುಕನ್ನು ನಕಲಿಸಿ ಹೆಚ್ಚಿಸಿ ಗುರುತಿಸುವ ಪರೀಕ್ಷೆಗೆ, ತೆಗೆದುಕೊಳ್ಳಿ. ಮೈಕೊಪ್ಲಾಸ್ಮಾದ ಹಲವು ಪ್ರಭೇದಗಳಿಗೂ ಸಾಮಾನ್ಯವಾದ ರೈಬೊಸೋಮಿನ ಜೀನನ್ನು ಹಿಡಿಯುವ ಪ್ರೈಮರ್‌ಗಳು (ಕಿರು ಡಿಎನ್‌ಎ ತುಣುಕುಗಳು) ಸುಲಭವಾಗಿ ಸಿಗುತ್ತವೆ. ಸೋಂಕಿದೆಯೆಂದು ಗೊತ್ತಿರುವ ಒಂದು ಮಾದರಿ, ಇಲ್ಲವೆಂದು ಗೊತ್ತಿರುವ ಒಂದು ಮಾದರಿ, ಈ ಎರಡೂ ಪಕ್ಕದಲ್ಲಿ ಓಡದಿದ್ದರೆ ಬಂದ ಫಲಿತಾಂಶಕ್ಕೆ ಅರ್ಥವಿಲ್ಲ.

ಕಣ್ಣಿನಿಂದ ನೋಡಬೇಕೆಂದರೆ ಹೆಕ್ಸ್ಟ್ ಬಣ್ಣದ ವಿಧಾನವಿದೆ. ಸೋಂಕಿಲ್ಲವೆಂದು ಖಾತ್ರಿಯಿರುವ ವೆರೊ ಕೋಶಗಳನ್ನು ಗಾಜಿನ ಪಟ್ಟಿಯ ಮೇಲೆ ತೆಳುವಾಗಿ ಬೆಳೆಸಿ, ಅದಕ್ಕೆ ನಿಮ್ಮ ಫ್ಲಾಸ್ಕಿನ ಮೀಡಿಯಂ ಸೇರಿಸಿ, ಕೆಲವು ದಿನ ಬಿಟ್ಟು, ಅಸಿಟಿಕ್ ಆಮ್ಲ ಮತ್ತು ಮೆಥನಾಲ್ ಮಿಶ್ರಣದಲ್ಲಿ ಸ್ಥಿರಗೊಳಿಸಿ ಬಣ್ಣ ಹಾಕಬೇಕು. ಈ ಬಣ್ಣ ಹಿಡಿಯುವುದು ಡಿಎನ್‌ಎಯನ್ನು. ಆರೋಗ್ಯವಂತ ಕೋಶದಲ್ಲಿ ಕಾಣುವುದು ನಡುವಿನ ಕೋಶಕೇಂದ್ರ ಮಾತ್ರ, ಕಪ್ಪು ಹಿನ್ನೆಲೆಯಲ್ಲಿ ನೀಲಿಯಾಗಿ ಹೊಳೆಯುವ ದುಂಡು ಬಿಲ್ಲೆ. ಅದರ ಸುತ್ತ ಬರೀ ಕತ್ತಲೆ. ಸೋಂಕಿದ್ದರೆ ಆ ಕತ್ತಲೆಯಲ್ಲಿ ಪುಡಿ ಚೆಲ್ಲಿದಂತೆ ನೂರಾರು ಚುಕ್ಕಿಗಳು, ಕೆಲವೆಡೆ ನೂಲಿನ ತುಣುಕುಗಳಂಥವು, ಕೋಶದ ಅಂಚಿನುದ್ದಕ್ಕೂ ಸಾಲುಗಟ್ಟಿ ಮಿನುಗುತ್ತವೆ. ಒಮ್ಮೆ ಕಂಡವರು ಅದನ್ನು ಮರೆಯುವುದಿಲ್ಲ. ಅಗಾರ್ ಮೇಲೆ ಬೆಳೆಸುವ ಹಳೆಯ ವಿಧಾನವೂ ಇದೆ, ಆದರೆ ಅದು ಮುಗಿಯಲು 28 ದಿನ ಬೇಕು. ಲಸಿಕೆ ತಯಾರಿಯಲ್ಲಿ ಅದನ್ನು ಬಿಡುವಂತಿಲ್ಲ. ನಿಮಗೆ ಪಿಸಿಆರ್ ಮತ್ತು ಹೆಕ್ಸ್ಟ್ ಎರಡೂ ಸೇರಿದರೆ ಸಾಕು.

ಎಲ್ಲಿಂದ ಬರುತ್ತದೆ ಎಂದು ಕೇಳಿದ್ದೀರಿ. ಹಿಂದಿನಿಂದ ಗುರುತಿಸಲಾದ ಮೂಲಗಳು ಮೂರು. ಮೈಕೊಪ್ಲಾಸ್ಮಾ ಒರಾಲೆ ಮನುಷ್ಯರ ಬಾಯಿ ಗಂಟಲುಗಳಲ್ಲಿ ಸಹಜವಾಗಿಯೇ ಇರುವಂಥದ್ದು. ಹುಡ್‌ನ ಮುಂದೆ ಕುಳಿತು ಮಾತನಾಡಬಾರದು ಎನ್ನುವುದು ಅದಕ್ಕೇ. ಅರ್ಜಿನಿನಿ ಮತ್ತು ಲೇಡ್‌ಲಾವಿ ಎಂಬ ಪ್ರಭೇದಗಳು ದನದ ಸೀರಂ ಮೂಲಕ ಬಂದವು. ಹಯೊರೈನಿಸ್ ಹಂದಿಯದು, ನಾವು ಕೋಶ ಬಿಡಿಸಲು ಬಳಸುವ ಟ್ರಿಪ್ಸಿನ್ ಹಂದಿಯ ಮೇದೋಜೀರಕದಿಂದ ತೆಗೆದದ್ದು ಎಂಬುದನ್ನು ನೆನೆಯಿರಿ. ಈಗಿನ ಸೀರಂ ಮತ್ತು ಟ್ರಿಪ್ಸಿನ್‌ಗಳನ್ನು ತಯಾರಕರು ಪರೀಕ್ಷಿಸಿಯೇ ಕೊಡುತ್ತಾರೆ. ಆದ್ದರಿಂದ ಇಂದಿನ ದಿನಗಳಲ್ಲಿ ಮುಖ್ಯ ಮೂಲ ಯಾವುದೆಂದರೆ, ಪಕ್ಕದವರು ಪ್ರೀತಿಯಿಂದ ಕೊಟ್ಟ ಫ್ಲಾಸ್ಕ್.

ಹುಡ್ ಒಳಗೆ ಮಾತ್ರ ತೆರೆದರೆ ರಕ್ಷಣೆಯಿದೆ ಎಂಬ ನಂಬಿಕೆಗೆ 1976ರಲ್ಲಿಯೇ ಮ್ಯಾಕ್‌ಗ್ಯಾರಿಟಿ ಎಂಬ ಸಂಶೋಧಕರು ಉತ್ತರ ಕೊಟ್ಟಿದ್ದಾರೆ. ಅವರು ಬೇಕೆಂದೇ ಸೋಂಕು ಹತ್ತಿಸಿದ ಕೋಶಗಳನ್ನು ಹುಡ್ ಒಳಗೆ ಟ್ರಿಪ್ಸಿನ್ ಹಾಕಿ ಬಿಡಿಸಿದರು. ಆ ಬಳಿಕ ಫ್ಲಾಸ್ಕಿನ ಹೊರಮೈ, ಕೋಶ ಎಣಿಸುವ ಗಾಜು, ಪಿಪೆಟ್ ಹಿಡಿಕೆ, ಕೆಲಸ ಮಾಡಿದವರ ಮೈ, ಎಲ್ಲೆಡೆ ಜೀವಂತ ಮೈಕೊಪ್ಲಾಸ್ಮಾ ಸಿಕ್ಕಿತು. ಹುಡ್‌ನ ಮೇಲ್ಮೈಯಲ್ಲಿ ಅದು ಆರನೆಯ ದಿನವೂ ಬದುಕಿತ್ತು. ಅದೇ ಹುಡ್‌ನಲ್ಲಿ ವಾರಕ್ಕೊಮ್ಮೆ ಬಿಡಿಸುತ್ತಿದ್ದ ಶುದ್ಧ ಕೋಶಗಳು ಆರು ವಾರಗಳಲ್ಲಿ ಸೋಂಕಿಗೆ ಸಿಲುಕಿದವು.

ಹಳೆಯ ಇನ್‌ಕ್ಯುಬೇಟರ್

ಈ ಕೊನೆಯ ಮಾತಿಗೆ ಒಂದು ಅನುಭವವನ್ನು ಸೇರಿಸುತ್ತೇನೆ. ನಾನು ಹಿಂದೆ ಇದ್ದ ಪ್ರಯೋಗಾಲಯವೊಂದರಲ್ಲಿ ಒಬ್ಬ ಹುಡುಗನ ಕೈಗುಣ ಸರಿಯಿಲ್ಲ, ಅವನು ಮುಟ್ಟಿದ ಫ್ಲಾಸ್ಕ್ ಉಳಿಯುವುದಿಲ್ಲ ಎಂದು ಎಲ್ಲರೂ ಹೇಳುತ್ತಿದ್ದರು. ಅವನು ಅದನ್ನು ನಂಬಿಕೊಂಡು ಕುಗ್ಗಿಹೋಗಿದ್ದ. ಒಂದು ದಿನ ಅವನ ಪಕ್ಕದಲ್ಲಿ ಕುಳಿತು ಪೂರ್ತಿ ಎರಡು ಗಂಟೆ ನೋಡಿದೆ. ಅವನ ಕೈ ನಮ್ಮೆಲ್ಲರಿಗಿಂತ ಶುದ್ಧವಾಗಿತ್ತು. ಆದರೆ ಹುಡ್ ಸರದಿಯಲ್ಲಿ ಅವನದು ಕೊನೆಯದು, ಅವನ ಮುಂಚಿನವರು ಮೂರು ಬಗೆಯ ಕೋಶಗಳಿಗೆ ಒಂದೇ ಮೀಡಿಯಂ ಬಾಟಲಿ ಬಳಸಿ ಅದೇ ಬಾಟಲಿಯನ್ನು ಅವನಿಗೆ ಬಿಟ್ಟುಹೋಗುತ್ತಿದ್ದರು. ಬಾಟಲಿಯನ್ನು ಬೇರೆ ಮಾಡಿ, ಸರದಿಯಲ್ಲಿ ಅವನನ್ನು ಮೊದಲಿಗನನ್ನಾಗಿ ಮಾಡಿದ ಮೇಲೆ ಅವನ ಒಂದು ಫ್ಲಾಸ್ಕೂ ಕೆಡಲಿಲ್ಲ. ಒಂದು ಕೋಶಕ್ಕೆ ಒಂದು ಬಾಟಲಿ, ಒಂದು ಸಮಯಕ್ಕೆ ಒಂದೇ ಬಗೆಯ ಕೋಶ, ಒಂದು ಮುಗಿದು ಇನ್ನೊಂದು ತೆಗೆಯುವ ಮುನ್ನ 70 ಶೇಕಡಾ ಆಲ್ಕೊಹಾಲಿನಿಂದ ಒರೆಸಿ ಹದಿನೈದು ನಿಮಿಷ ಗಾಳಿ ಓಡಲು ಬಿಡುವುದು: ಇಷ್ಟನ್ನು ಮಾಡಿದರೆ ಕೈಗುಣದ ಮಾತೇ ಬರುವುದಿಲ್ಲ. ಅಂದ ಹಾಗೆ, ಆಲ್ಕೊಹಾಲ್ 70 ಶೇಕಡಾವೇ ಇರಬೇಕು. ಪ್ರೋಟೀನುಗಳನ್ನು ಕೆಡಿಸಲು ನೀರಿನ ಸಹಾಯ ಬೇಕು, ಅಪ್ಪಟ ಆಲ್ಕೊಹಾಲ್ ಆ ಕೆಲಸ ಮಾಡುವ ಮುನ್ನವೇ ಆರಿಹೋಗುತ್ತದೆ.

ದಂತವೈದ್ಯಕೀಯದಿಂದ ಬಂದವಳು

ಪ್ರಶ್ನೆ ಕೇಳಿದವರಿಗೆ ನನ್ನದೊಂದು ವಿನಂತಿ. ಪಕ್ಕದ ಪ್ರಯೋಗಾಲಯದಿಂದ ಬಂದ ಕೋಶಗಳೆಂದು ಬರೆದಿದ್ದೀರಿ. ಅವು ನಿಜಕ್ಕೂ ಎಂಸಿಎಫ್-7 ಹೌದೇ ಎಂಬುದನ್ನು ಇದೇ ಸಮಯದಲ್ಲಿ ನೋಡಿಬಿಡಿ.

ನನ್ನ ಸ್ನಾತಕೋತ್ತರ ಪ್ರಬಂಧದ ಒಂದು ವರ್ಷವನ್ನು ನಾನು ಕೆಬಿ ಎಂಬ ಕೋಶಗಳ ಮೇಲೆ ಕಳೆದೆ. ತಂಬಾಕಿನಿಂದಾಗಿ ಬಾಯಿ ಕ್ಯಾನ್ಸರ್ ನಮ್ಮ ದೇಶದಲ್ಲಿ ಎಷ್ಟಿದೆ ಎಂಬುದು ನಿಮಗೆ ಗೊತ್ತು. ಅದಕ್ಕೆ ಉಪಯೋಗವಾಗಲೆಂದು, ಬಾಯಿಯ ಗಡ್ಡೆಯಿಂದ ಬಂದ ಕೋಶವೆಂದು ನಂಬಿ, ಅದನ್ನು ಆರಿಸಿಕೊಂಡೆ. ಕೆಬಿ ಬಾಯಿಯ ಕೋಶವಲ್ಲ, ಅದು ಹೀಲಾ. 1951ರಲ್ಲಿ ಬಾಲ್ಟಿಮೋರಿನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಮಹಿಳೆಯ ಗರ್ಭಕಂಠದ ಗಡ್ಡೆಯಿಂದ ಅವರ ಅರಿವಿಗೆ ಬಾರದಂತೆ ತೆಗೆದ ಕೋಶಗಳು ಅವು. ಬೆಳವಣಿಗೆಯ ವೇಗ ಅದಕ್ಕೆ ಎಷ್ಟಿದೆಯೆಂದರೆ, ಇನ್ನೊಂದು ಫ್ಲಾಸ್ಕಿಗೆ ಒಂದು ಹನಿ ಬಿದ್ದರೂ ಕೆಲವೇ ವಾರಗಳಲ್ಲಿ ಅಲ್ಲಿದ್ದ ಕೋಶಗಳನ್ನು ಹಿಂದಿಕ್ಕಿ ತಾನೇ ತುಂಬಿಕೊಳ್ಳುತ್ತದೆ, ಫ್ಲಾಸ್ಕಿನ ಮೇಲಿನ ಹೆಸರು ಮಾತ್ರ ಹಳೆಯದೇ ಉಳಿಯುತ್ತದೆ. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಬೇರೆ ಬೇರೆ ಹೆಸರಿನ 18 ಕೋಶಸಾಲುಗಳಲ್ಲಿ ಒಂದೇ ಕಿಣ್ವದ ಒಂದೇ ರೂಪವಿರುವುದನ್ನು ತೋರಿಸಿ, ಅವೆಲ್ಲ ಹೀಲಾ ಎಂದು ಹೇಳಿದಾಗ ಕೇಳಿದವರಿಗೆ ರುಚಿಸಲಿಲ್ಲ. ಧ್ವನಿಪೆಟ್ಟಿಗೆಯದೆಂದು ಕರೆಯುವ ಹೆಪ್-2, ಆರೋಗ್ಯವಂತ ಯಕೃತ್ತಿನದೆಂದು ಕರೆಯುವ ಚಾಂಗ್ ಕೋಶಗಳು, ಕರುಳಿನದೆಂಬ ಇಂಟ್-407, ಇವೂ ಹೀಲಾ. ಇಷ್ಟು ವರ್ಷಗಳಾದರೂ ಹಳೆಯ ಹೆಸರಿನಲ್ಲೇ ಪ್ರಬಂಧಗಳು ಬರುತ್ತಿವೆ. ನನ್ನದೂ ಅವುಗಳಲ್ಲಿ ಒಂದು ಎಂಬ ನೋವು ನನಗಿದೆ.

ಹಳೆಯ ಇನ್‌ಕ್ಯುಬೇಟರ್

ಎಂಸಿಎಫ್-7ರ ಮನೆಯಲ್ಲೇ ಇಂಥದೊಂದು ನಡೆದಿದೆ. ಅಡ್ರಿಯಮೈಸಿನ್ ಔಷಧಿಗೆ ಬಗ್ಗದ ಎಂಸಿಎಫ್-7 ಎಂದು ವರ್ಷಾನುಗಟ್ಟಲೆ ಬಳಸಿದ ಕೋಶಸಾಲು ಸ್ತನದ್ದೇ ಅಲ್ಲ, ಓವ್‌ಕಾರ್-8 ಎಂಬ ಅಂಡಾಶಯದ ಕ್ಯಾನ್ಸರಿನ ಕೋಶದಿಂದ ಬಂದದ್ದು ಎಂದು ಆಮೇಲೆ ತಿಳಿಯಿತು. ಔಷಧಿ ಬೇಕಾದ್ದು ಯಾವ ರೋಗಿಗೆ, ಪರೀಕ್ಷೆ ನಡೆದದ್ದು ಯಾವ ಕೋಶದ ಮೇಲೆ! ಎಸ್‌ಟಿಆರ್ ಎಂಬ ಡಿಎನ್‌ಎ ಗುರುತಿನ ಪರೀಕ್ಷೆಯನ್ನು ಮಾಡಿಸಿ, ಪ್ರಕಟಿತ ಗುರುತಿನೊಡನೆ ಹೋಲಿಸಿ. 80 ಶೇಕಡಾಕ್ಕಿಂತ ಹೆಚ್ಚು ಹೊಂದಿದರೆ ಒಂದೇ ಮೂಲವೆಂದು ಪರಿಗಣಿಸುತ್ತಾರೆ.

ಹೊರನಾಡಿನ ಓದುಗ

ಒಂದು ಭಿನ್ನಾಭಿಪ್ರಾಯ. ಸೋಂಕು ಕಂಡೊಡನೆ ಫ್ಲಾಸ್ಕನ್ನು ಎಸೆಯಿರಿ ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಅದು ಎಲ್ಲ ಸಂದರ್ಭಕ್ಕೂ ಸಲ್ಲುವುದಿಲ್ಲ. ನಾವು ರೋಗಿಗಳಿಂದ ನೇರವಾಗಿ ಪಡೆದ ಕೋಶಗಳನ್ನು ಸಾಕುತ್ತೇವೆ, ಅವರಲ್ಲಿ ಕೆಲವರು ಈಗ ಬದುಕಿಲ್ಲ. ಆ ಕೋಶ ಹೋದರೆ ಹೋಯಿತು. ಅಂಥದ್ದಕ್ಕೆ ಮೈಕೊಪ್ಲಾಸ್ಮಾದ ಪ್ರೋಟೀನ್ ತಯಾರಿಕೆ ಅಥವಾ ಡಿಎನ್‌ಎ ನಕಲು ಕೆಲಸವನ್ನು ತಡೆಯುವ ಔಷಧಿಗಳಿವೆ, ನಾವು ಎರಡು ವಾರ ಕೊಟ್ಟು ಉಳಿಸಿಕೊಂಡಿದ್ದೇವೆ.

ಲಸಿಕೆ ಘಟಕದಲ್ಲಿದ್ದವರು

ನಿಮ್ಮ ಮಾತು ನ್ಯಾಯವಾದದ್ದು, ರೋಗಿಯ ಕೋಶದ ವಿಷಯದಲ್ಲಿ ನಾನೂ ಹಾಗೆಯೇ ಮಾಡುತ್ತಿದ್ದೆ. ಆದರೆ ಔಷಧಿ ನಿಲ್ಲಿಸಿದ ಮೇಲೆ ಒಂದೆರಡು ತಿಂಗಳು ಪ್ರತ್ಯೇಕವಾಗಿಟ್ಟು ಮತ್ತೆ ಮತ್ತೆ ಪರೀಕ್ಷಿಸಬೇಕು, ಅಡಗಿದ್ದದ್ದು ತಲೆಯೆತ್ತುವುದು ಆಗಲೇ. ಎಂಸಿಎಫ್-7ಕ್ಕೆ ಈ ಶ್ರಮ ಬೇಡ. ಅದು 1970ರಲ್ಲಿ ಡೆಟ್ರಾಯಿಟಿನಲ್ಲಿ ಒಬ್ಬ ಸನ್ಯಾಸಿನಿಯ ಎದೆಯ ದ್ರವದಿಂದ ಪಡೆದ, ಇಂದು ಜಗತ್ತಿನಾದ್ಯಂತ ಸಿಗುವ ಕೋಶ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದ ಸಂಗ್ರಹದಿಂದ ನಮ್ಮ ದೇಶದ ಸಂಶೋಧಕರಿಗೆ ಕೊಡುತ್ತಾರೆ. ಸಿಗುವುದನ್ನು ಎಸೆಯಿರಿ, ಸಿಗದಿರುವುದನ್ನು ಉಳಿಸಿಕೊಳ್ಳಿ.

ಕರಾವಳಿಯ ತಂತ್ರಜ್ಞ

ಮಳೆಗಾಲ ಶುರುವಾಗಿರುವುದರಿಂದ ಒಂದು ಮಾತು. ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ರಟ್ಟಿನ ಪೆಟ್ಟಿಗೆಗಳನ್ನು ಕೋಶ ಕೊಠಡಿಯೊಳಗೆ ತರುವುದನ್ನೇ ನಿಲ್ಲಿಸಿದ್ದೇವೆ. ತೇವ ಹೀರಿದ ರಟ್ಟಿನಲ್ಲಿ ಬೂಸ್ಟು ಹಿಡಿದು ಬೀಜಕಣಗಳು ಗಾಳಿಗೆ ಏರುತ್ತವೆ. ಫ್ಲಾಸ್ಕುಗಳನ್ನು ಬೆಚ್ಚಗಾಗಿಸುವ ನೀರಿನ ತೊಟ್ಟಿ ಮತ್ತು ಇನ್‌ಕ್ಯುಬೇಟರಿನ ತಳದ ನೀರಿನ ತಟ್ಟೆ, ಈ ಎರಡರ ನೀರನ್ನು ವಾರಕ್ಕೊಮ್ಮೆ ಬದಲಿಸಿ. ಕುದಿಸಿ ಆರಿಸಿದ ಬಟ್ಟಿ ಇಳಿಸಿದ ನೀರೇ ಆಗಬೇಕು.

ಎರಡನೆಯ ವರ್ಷದ ಸಂಶೋಧಕಿ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಸೀರಂ ನಿರ್ದೋಷಿ, ಹಳೆಯದರಲ್ಲೂ ಹೊಸದರಲ್ಲೂ ಕೋಶಗಳು ಒಂದೇ ರೀತಿ ಕುಂಟಿದವು. ಪಿಸಿಆರ್‌ನಲ್ಲಿ ಪಟ್ಟಿ ಬಂತು. ಹೆಕ್ಸ್ಟ್ ಬಣ್ಣವನ್ನೂ ಹಾಕಿ ನೋಡಿದೆ, ನೀವು ಬರೆದಿದ್ದ ಪುಡಿ ಚೆಲ್ಲಿದ ಕತ್ತಲೆ ಹಾಗೆಯೇ ಇತ್ತು. ಸಂಕೋಚಪಟ್ಟುಕೊಂಡೇ ಉಳಿದವರ ಫ್ಲಾಸ್ಕುಗಳನ್ನೂ ಪರೀಕ್ಷಿಸಲು ಕೇಳಿದೆ. ಏಳರಲ್ಲಿ ನಾಲ್ಕರಲ್ಲಿ ಸೋಂಕಿತ್ತು. ದ್ರವ ಸಾರಜನಕದಲ್ಲಿಟ್ಟಿದ್ದ ನನ್ನ ಆರು ಶೀಶೆಗಳೂ ಉಳಿಯಲಿಲ್ಲ. ಮೈನಸ್ 196 ಡಿಗ್ರಿಯಲ್ಲಿ ಮೈಕೊಪ್ಲಾಸ್ಮಾವೂ ಕೋಶದಷ್ಟೇ ಸುರಕ್ಷಿತವಾಗಿ ನಿದ್ರಿಸುತ್ತದೆಂದು ಆಗ ಅರ್ಥವಾಯಿತು. ಎಲ್ಲವನ್ನೂ ಆಟೋಕ್ಲೇವ್ ಮಾಡಿ, ಅಂದರೆ ಒತ್ತಡದ ಹಬೆಯಲ್ಲಿ ಬೇಯಿಸಿ, ಎಸೆದೆವು. ನಾಲ್ಕು ತಿಂಗಳ ಅಂಕಿಗಳನ್ನು ಕೈಬಿಟ್ಟೆ. ಮಾರ್ಗದರ್ಶಕರ ಮುಂದೆ ಅದನ್ನು ಹೇಳುವಾಗ ಗಂಟಲು ಕಟ್ಟಿತ್ತು, ಅವರು ಪೂರ್ತಿ ಕೇಳಿಸಿಕೊಂಡು, ಪ್ರಬಂಧ ಅಚ್ಚಾದ ಮೇಲೆ ತಿಳಿಯುವುದಕ್ಕಿಂತ ಈಗ ತಿಳಿದದ್ದು ಒಳ್ಳೆಯದಾಯಿತು ಎಂದರು.

ಪುಣೆಯಿಂದ ಹೊಸ ಕೋಶಗಳು ಬಂದಿವೆ. ಅವನ್ನು ಬೇರೆಯ ಇನ್‌ಕ್ಯುಬೇಟರಿನಲ್ಲಿ, ಬೇರೆಯ ಬಾಟಲಿಯಲ್ಲಿ, ಆ್ಯಂಟಿಬಯಾಟಿಕ್ ಇಲ್ಲದೆ ಸಾಕಿ, ಪರೀಕ್ಷೆ ಎರಡು ಬಾರಿ ಶುದ್ಧವೆಂದು ಬಂದ ಮೇಲೆ ಮೊದಲ ಕೆಲಸವಾಗಿ ಹನ್ನೆರಡು ಶೀಶೆಗಳನ್ನು ಹೆಪ್ಪುಗಟ್ಟಿಸಿದೆ: ಹೆಪ್ಪುಗಟ್ಟುವಾಗ ಕೋಶಗಳನ್ನು ಕಾಯುವ ಡಿಎಂಎಸ್‌ಒ ದ್ರಾವಕ 10 ಶೇಕಡಾ, ನಿಮಿಷಕ್ಕೆ ಒಂದು ಡಿಗ್ರಿಯಂತೆ ತಂಪು. ಎಸ್‌ಟಿಆರ್ ವರದಿಯೂ ಹೊಂದಿಕೆಯಾಗಿದೆ. ಮೊನ್ನೆ ಒಂದು ಶೀಶೆಯನ್ನು ಪರೀಕ್ಷೆಗೆಂದು 37 ಡಿಗ್ರಿ ನೀರಿನಲ್ಲಿ ಕರಗಿಸಿ, ಸಾಸಿವೆ ಕಾಳಿನಷ್ಟು ಮಂಜುಗಡ್ಡೆ ಉಳಿದಿರುವಾಗಲೇ ತೆಗೆದು ಮೀಡಿಯಂಗೆ ಹಾಕಿದೆ. ಇಂದು ಬೆಳಿಗ್ಗೆ ಫ್ಲಾಸ್ಕ್ ತೆಗೆದು ನೋಡಿದರೆ ಕೋಶಗಳು ತಳಕ್ಕೆ ಅಂಟಿ, ಸಣ್ಣ ಸಣ್ಣ ದ್ವೀಪಗಳಾಗಿ ಹರಡಿಕೊಳ್ಳತೊಡಗಿವೆ, ಅಂಚುಗಳು ನಯವಾಗಿವೆ. ಫ್ಲಾಸ್ಕಿನ ಮೇಲೆ ಕೋಶದ ಹೆಸರು, ಪ್ಯಾಸೇಜ್ ಸಂಖ್ಯೆ (ಕೋಶಗಳನ್ನು ಎಷ್ಟು ಬಾರಿ ಹೊಸ ಫ್ಲಾಸ್ಕಿಗೆ ಹಂಚಿದೆ ಎಂಬ ಲೆಕ್ಕ), ದಿನಾಂಕ ಮತ್ತು ಕೊನೆಯ ಪರೀಕ್ಷೆಯ ದಿನಾಂಕ, ಇಷ್ಟನ್ನೂ ಬರೆದಿದ್ದೇನೆ. ಪಕ್ಕದ ಪ್ರಯೋಗಾಲಯದವರು ತಮ್ಮ ಫ್ಲಾಸ್ಕುಗಳನ್ನು ನಾಳೆ ಪರೀಕ್ಷೆಗೆ ತರುವುದಾಗಿ ಹೇಳಿದ್ದಾರೆ.